ವ್ಯಾನಿನೊಳಗಿನ ಎಂಸಿಬಿಗೆ ಏನಾಗಿದೆ?

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರನ್ನು ಅಡುಗೆಗೂ ಮಲಗುವುದಕ್ಕೂ ಆಗುವಂತೆ ಮೋಟಾರ್‌ಹೋಮ್ ಮಾಡಿಸಿದ್ದೇವೆ. 2000 ವಾಟಿನ ಇಂಡಕ್ಷನ್ ಒಲೆ, 1500 ವಾಟಿನ ಕೆಟಲ್, 1200 ವಾಟಿನ ಎಸಿ, 150 ಆಂಪಿಯರ್-ಅವರಿನ ಲೆಡ್ ಆಸಿಡ್ ಬ್ಯಾಟರಿ ಇವೆ. ಮನೆಯ ಪವರ್ ಪ್ಲಗ್ಗಿನಿಂದ ಕರೆಂಟ್ ಕೊಟ್ಟರೆ ಹತ್ತು-ಹದಿನೈದು ನಿಮಿಷ ಎಲ್ಲ ಸರಿ, ಆಮೇಲೆ ವ್ಯಾನಿನ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ. ಅದು 16 ಆಂಪಿಯರಿನದು. ಅಮೆರಿಕದ ವಿಡಿಯೊಗಳಲ್ಲಿ 30 ಆಂಪಿಯರ್ ಎನ್ನುತ್ತಾರೆ. 32ರದ್ದು ಹಾಕಿಸಬಹುದೇ? ರಾಣಿಪುರದ ಗಿರಿಧಾಮದಲ್ಲಿ ರಾತ್ರಿ ಬ್ಯಾಟರಿಯಿಂದ ಎಸಿ ನಡೆದೀತೇ?
– ಹೆಸರು ಬೇಡವೆಂದಿರುವ ಓದುಗರು, ಪೆರ್ಲ

ಉತ್ತರ: ಹಾಕಿಸಬೇಡಿ. ಕಾರಣ ಹೇಳುವ ಮೊದಲು ನನ್ನದೇ ಒಂದು ಪೆದ್ದುತನ ಕೇಳಿ. ಕೆಲಸ ಕಲಿತ ಹೊಸತರಲ್ಲಿ, ಬದಿಯಡ್ಕದ ಹತ್ತಿರ ಒಂದು ಅಡಿಕೆ ತೋಟದ ಪಂಪ್ ಶೆಡ್ಡಿನಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಯಜಮಾನರ ಗೊಣಗಾಟ ತಾಳಲಾರದೆ ಫ್ಯೂಸ್ ತಂತಿಯನ್ನು ಮೂರು ಎಳೆ ಮಾಡಿ ಕಟ್ಟಿದೆ. ಫ್ಯೂಸ್ ಉಳಿಯಿತು. ಮೋಟಾರಿನ ಕಾಯಿಲ್ ಸುಟ್ಟಿತು, ವಯರಿನ ಸಿಪ್ಪೆ ಕರಗಿ ಗೋಡೆಗೆ ಅಂಟಿಕೊಂಡಿತು. ರಿವೈಂಡಿಂಗ್ ಖರ್ಚು ನನ್ನ ಕೂಲಿಯಿಂದಲೇ ಹೋಯಿತು.

ಎಂಸಿಬಿ ಕಾಯುವುದು ವಯರನ್ನು. 2.5 ಚದರ ಮಿಲಿಮೀಟರಿನ ವಯರಿಗೆಂದು ಕೂರಿಸಿದ 16ನ್ನು ಕಿತ್ತು 32 ಹಾಕಿದರೆ, ಪ್ಲೈವುಡ್ಡಿನ ಹಿಂದೆ ವಯರು ಬೇಯುತ್ತಿದ್ದರೂ ಅದು ಸುಮ್ಮನೆ ನೋಡುತ್ತಿರುತ್ತದೆ. ಇನ್ನು ವಿಡಿಯೊದ 30 ಆಂಪಿಯರ್: ಅಲ್ಲಿಯದು 120 ವೋಲ್ಟ್, ಗುಣಿಸಿದರೆ 3,600 ವಾಟ್. ನಮ್ಮ 230 ವೋಲ್ಟಿನಲ್ಲಿ 16 ಆಂಪಿಯರ್ ಎಂದರೆ 3,680. ನೀವು ಅವರಿಗಿಂತ 80 ವಾಟ್ ಶ್ರೀಮಂತರು!

ನಿಮ್ಮ ಪಟ್ಟಿಯನ್ನು ಕೂಡಿಸಿದೆ: 4,700 ವಾಟ್. ನೀವು ಬರೆಯಲು ಮರೆತದ್ದು ಬ್ಯಾಟರಿ ಚಾರ್ಜರ್. ಪ್ಲಗ್ ಹಾಕಿದ ಕೂಡಲೇ ಅದು ಸದ್ದಿಲ್ಲದೆ ಉಣ್ಣತೊಡಗುತ್ತದೆ. 500 ವಾಟ್ ಎಂದಿಟ್ಟುಕೊಳ್ಳಿ. ಎಲ್ಲ ಸೇರಿ 22 ಆಂಪಿಯರ್ ದಾಟಿತು. ಎಂಸಿಬಿಯೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇದೆ. ಹೊರೆ ಹೆಚ್ಚಾದರೆ ಅದು ನಿಧಾನವಾಗಿ ಕಾದು ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ; ನಿಮ್ಮ ಹತ್ತು-ಹದಿನೈದು ನಿಮಿಷದ ಗುಟ್ಟು ಇದೇ. ಏಪ್ರಿಲ್ ಬಿಸಿಲಿನ ವ್ಯಾನಿನಲ್ಲಿ ಇನ್ನೂ ಬೇಗ ಬೀಳುತ್ತದೆ. ಹಾಕಿದ ಕ್ಷಣವೇ ಬಿದ್ದರೆ ಅದು ಶಾರ್ಟ್ ಸರ್ಕ್ಯೂಟ್, ಅಲ್ಲಿ ಕೆಲಸ ಮಾಡುವುದು ಒಳಗಿನ ವಿದ್ಯುತ್ಕಾಂತ. ಹಾಗಾದಾಗ ಮತ್ತೆ ಮತ್ತೆ ಎತ್ತಿ ನೋಡಬೇಡಿ. ಸದ್ಯಕ್ಕೆ, ಒಲೆ ಉರಿಯುವಾಗ ಕೆಟಲ್ ಬೇಡ, ಎಸಿಯೂ ಬೇಡ. ಎಕ್ಸ್‌ಟೆನ್ಷನ್ ವಯರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ ಹಾಸಿ.

ನೀವು ಕೇಳದಿದ್ದರೂ ಒಂದು ಮಾತು. ವ್ಯಾನ್ ನಿಂತಿರುವುದು ರಬ್ಬರ್ ಟೈರಿನ ಮೇಲೆ, ಮೈಯೆಲ್ಲ ತಗಡು. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದೀರೆಂದು ಇಟ್ಟುಕೊಳ್ಳಿ; ಒಳಗೆ ಎಲ್ಲೋ ಕರೆಂಟ್ ಸೋರುತ್ತಿದೆ. ಆಟಿಯ ಮಳೆಯಲ್ಲಿ ಅಂಗಳದ ಕೆಸರಿಗೆ ಬರಿಗಾಲಿಟ್ಟು ಬಾಗಿಲ ಹಿಡಿ ಮುಟ್ಟಿದವರ ಗತಿಯೇನು? ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೆ, ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು, ಮೂರನೆಯ ಪಿನ್ ನಿಜವಾದ ಅರ್ಥಿಂಗಿಗೆ ಸೇರಿರಬೇಕು. ವ್ಯಾನಿನ ಖರ್ಚಿನಲ್ಲಿ ಎಲ್ಲಿ ಕಡಿತ ಮಾಡಿದರೂ ಇಲ್ಲಿ ಮಾಡಬೇಡಿ.

ಇನ್ನು ಬ್ಯಾಟರಿ. 230 ವೋಲ್ಟಿನಲ್ಲಿ 5 ಆಂಪಿಯರ್ ಚಿಲ್ಲರೆ ಕೇಳುವ ನಿಮ್ಮ ಎಸಿ, 12 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರಿಗೂ ಹೆಚ್ಚು ಸೆಳೆಯುತ್ತದೆ. ಆದ್ದರಿಂದ ಇನ್ವರ್ಟರಿಗೆ ದಪ್ಪ ಕೇಬಲ್ ಬೇಕು, ಫ್ಯೂಸ್ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಮನೆಯ ಎಂಸಿಬಿಯನ್ನು ಅಲ್ಲಿ ಹಾಕಬೇಡಿ: ಮನೆಯ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ ಬೀಳುವಾಗ ಹಾರುವ ಕಿಡಿ ಆರುತ್ತದೆ, ಬ್ಯಾಟರಿಯದು ಇಳಿಯುವುದೇ ಇಲ್ಲ. 12ನ್ನು 150ರಿಂದ ಗುಣಿಸಿದರೆ 1,800 ವಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು. ಎಸಿ ಅರ್ಧ ಗಂಟೆ ನಡೆದರೆ ನಿಮ್ಮ ಪುಣ್ಯ. ರಾಣಿಪುರದ ರಾತ್ರಿಗೆ ಎಸಿ ಯಾಕೆ ಹೇಳಿ? ಕಿಟಕಿಗೆ ಸೊಳ್ಳೆಪರದೆ ಕಟ್ಟಿ, ಸಣ್ಣ 12 ವೋಲ್ಟ್ ಫ್ಯಾನ್ ಇಟ್ಟುಕೊಳ್ಳಿ. ಮಳೆಗಾಲವಾದರೆ ಒಂದು ಪೊಟ್ಟಣ ಉಪ್ಪೂ ಇರಲಿ, ಜಿಗಣೆಗೆ.