ವೈಫೈ ಪದೇ ಪದೇ ಕಟ್ ಆದರೆ ಮೊದಲು ಪವರ್‌ಸೇವ್ ನೋಡಿ

ನಮಸ್ಕಾರ. ಮೊಬೈಲ್‌ನಲ್ಲಿ ವೈಫೈ ಚೆನ್ನಾಗಿದೆ, ಉಬುಂಟು (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇರುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಕಟ್ ಆಗುತ್ತದೆ ಅಂದಿದ್ದೀರಿ. ಹಾಗಾದರೆ ಸುಮ್ನೆ ಹೊಸ ರೂಟರ್‌ಗೆ ದುಡ್ಡು ಹಾಕಬೇಡಿ. ನನಗೆ ಅನುಮಾನ ಪವರ್‌ಸೇವ್ ಮೇಲೆ. ಬ್ಯಾಟರಿ ಉಳಿಸಲು ವೈಫೈ ಕಾರ್ಡ್ ಆಗಾಗ ನಿದ್ದೆಗೆ ಜಾರುತ್ತದೆ. ಕೆಲವು ಡ್ರೈವರ್‌ಗಳು (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಅದನ್ನು ಸರಿಯಾಗಿ ಎಬ್ಬಿಸುವುದಿಲ್ಲ.

ಸಿಸ್ಟಂ ಸೆಟ್ಟಿಂಗ್ ಫೈಲ್‌ಗಳಿರುವ ಈಟಿಸಿ (/etc) ಫೋಲ್ಡರ್ ಒಳಗೆ ನೆಟ್‌ವರ್ಕ್‌ಮ್ಯಾನೇಜರ್ ಫೋಲ್ಡರ್, ಅದರೊಳಗೆ ಕಾನ್ಫ್ ಡಾಟ್ ಡಿ (conf.d) ಫೋಲ್ಡರ್. ಅಲ್ಲಿ ವೈಫೈ ಪವರ್‌ಸೇವ್ ಹೆಸರಿನ ಫೈಲ್ ಇರುತ್ತದೆ. ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಕೊಟ್ಟು ತೆರೆಯಿರಿ. ಅದರಲ್ಲಿ ಪವರ್‌ಸೇವ್ ಮುಂದಿನ ಸಂಖ್ಯೆ 3 ಇದ್ದರೆ 2 ಮಾಡಿ. 3 ಅಂದರೆ ಆನ್, 2 ಅಂದರೆ ಆಫ್. ಆಮೇಲೆ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ರೀಸ್ಟಾರ್ಟ್ ಮಾಡಿ. ಬನಶಂಕರಿಯ ನಮ್ಮ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಷ್ಟಕ್ಕೇ ಸರಿಹೋಯಿತು. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಅಷ್ಟೇ.

ಆಗಲೂ ಕಟ್ ಆಯಿತಾ? ಆದ ತಕ್ಷಣ ಕರ್ನಲ್ ಲಾಗ್ (ಸಿಸ್ಟಂ ಬರೆದಿಡುವ ದಾಖಲೆ) ತೆಗೆದು ಕೊನೆಯ ಇಪ್ಪತ್ತು ಸಾಲು ಕಳಿಸಿ. ‘ಡೀಆಥೆಂಟಿಕೇಟ್’ (ಸಂಪರ್ಕ ಕಡಿದದ್ದು) ಅಂತ ಇರುವ ಸಾಲಿನಲ್ಲಿ ರೀಸನ್ ನಂಬರ್ ಇದ್ದರೆ ಅದನ್ನು ಬಿಡಬೇಡಿ, ಮುಖ್ಯ ಸುಳಿವು ಅದೇ.

ನಿಮ್ಮದು ಜಯನಗರದ ಅಪಾರ್ಟ್‌ಮೆಂಟ್ ಅಲ್ವಾ, ಅಕ್ಕಪಕ್ಕದ ಮನೆಗಳ ರೂಟರ್ ಜಾಸ್ತಿ ಇರುತ್ತವೆ, ಅವುಗಳ ಸಿಗ್ನಲ್ ನಿಮ್ಮದಕ್ಕೆ ಅಡ್ಡ ಬರಬಹುದು. 2.4 ಗಿಗಾಹರ್ಟ್ಸ್‌ನಲ್ಲೇ ಇರಬೇಕಾದರೆ ರೂಟರ್ ಸೆಟ್ಟಿಂಗ್‌ನಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಹಿಡಿಯಿರಿ. ಕಾರ್ಡ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಅದಕ್ಕೇ ಹಾಕಿ.