ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳ ಅಧ್ಯಯನಕ್ಕೆ ಪ್ರಾಕ್ಟೀಸ್ ಥಿಯರಿಯನ್ನು ಬಳಸುವುದು ಹೇಗೆ?

ಮುಂಬಯಿ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳ ಸಂದೇಶಗಳನ್ನು ಒಟ್ಟುಮಾಡಿ ವಿಷಯವಾರು ವಿಂಗಡಿಸಿದರೆ ಪ್ರಾಕ್ಟೀಸ್ ಥಿಯರಿಯನ್ನು (ಜನರ ರೂಢಿಗಳನ್ನು, ಅಂದರೆ ಅವರು ವಾಡಿಕೆಯಾಗಿ ಮಾಡುವ ಕೆಲಸಗಳನ್ನು, ಕೇಂದ್ರವಾಗಿಟ್ಟು ಸಮಾಜವನ್ನು ನೋಡುವ ಸಿದ್ಧಾಂತವನ್ನು) ಅನ್ವಯಿಸಿದಂತಾಗುತ್ತದೆಯೇ ಎಂದು ಕೇಳಿದ್ದೀರಿ. ಆಗುವುದಿಲ್ಲ; ಅದು ವಿಷಯ ವಿಶ್ಲೇಷಣೆ. ಮಾಧ್ಯಮವನ್ನು ರೂಢಿಯಾಗಿ ನೋಡಬೇಕೆಂದು 2004ರಲ್ಲಿ ವಾದಿಸಿದ ಮಾಧ್ಯಮ ವಿದ್ವಾಂಸ ನಿಕ್ ಕೌಲ್ಡ್ರಿ, ಪಠ್ಯದಿಂದಾಗಲಿ ಅದನ್ನು ತಯಾರಿಸುವ ಸಂಸ್ಥೆಗಳಿಂದಾಗಲಿ ಹೊರಡದೆ, ಜನರು ಬೇರೆ ಬೇರೆ ಸಂದರ್ಭಗಳಲ್ಲಿ ಮಾಧ್ಯಮಕ್ಕೆ ಸಂಬಂಧಿಸಿದಂತೆ ಏನೇನು ಮಾಡುತ್ತಾರೆ ಎಂಬ ಪ್ರಶ್ನೆಯಿಂದ ಹೊರಡಬೇಕೆಂದರು.

ಆದ್ದರಿಂದ ವಾಟ್ಸ್‌ಆ್ಯಪನ್ನು ಬದಿಗಿಟ್ಟು, ಜನ ಮಾಡುವ ಒಂದು ಕೆಲಸವನ್ನು ಹಿಡಿದುಕೊಳ್ಳಿ. ಈ ಊರಿನಲ್ಲೇ ಮಾಧ್ಯಮ ಅಧ್ಯಯನ ಕಲಿಸುವ ನಾನಾದರೆ, ಸಾವಿನ ಸುದ್ದಿ ಮುಟ್ಟಿಸುವ ಕೆಲಸವನ್ನು ಆರಿಸಿಕೊಳ್ಳುತ್ತೇನೆ. ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಮನೆಯವರು ಹತ್ತಿರದ ನೆಂಟರಿಗೆ ಮೊದಲು ಫೋನ್ ಮಾಡುತ್ತಾರೆ. ಅವರಿಗೆ ಗುಂಪಿನಿಂದ ಗೊತ್ತಾದರೆ ಮನಸ್ತಾಪವಾಗುತ್ತದೆ. ಆಮೇಲೆ ಸಂಘದವರೊಬ್ಬರು ಫೋಟೊ, ಮೂಲ ಊರು, ಯಾವ ಸ್ಮಶಾನ, ಎಷ್ಟು ಗಂಟೆಗೆ ಎಂಬುದನ್ನು ಬರೆದು ಗುಂಪಿಗೆ ಹಾಕುತ್ತಾರೆ. ಸ್ಮಾರ್ಟ್‌ಫೋನ್ ಬಳಸದ ಅತ್ತೆಗೆ ಸೊಸೆ ಓದಿ ಹೇಳುತ್ತಾಳೆ. ಇಷ್ಟೆಲ್ಲ ಆದರೂ ‘ಕರ್ನಾಟಕ ಮಲ್ಲ’ದಂಥ ಇಲ್ಲಿನ ಕನ್ನಡ ಪತ್ರಿಕೆಗೆ ಫೋಟೊ ಕಳಿಸುವುದನ್ನು ಬಿಡುವುದಿಲ್ಲ. ಫೋನ್, ಗುಂಪು, ಪತ್ರಿಕೆ ಮೂರೂ ಇಲ್ಲಿ ಒಂದೇ ಕೆಲಸದ ಭಾಗಗಳು. ಸಂದೇಶಗಳನ್ನಷ್ಟೇ ಎಣಿಸಿದವರಿಗೆ ಇವುಗಳಲ್ಲಿ ಒಂದು ಮಾತ್ರ ಕಾಣುತ್ತದೆ.

ಪ್ರಾಕ್ಟೀಸ್ ಥಿಯರಿಯ ತತ್ತ್ವಜ್ಞಾನಿ ಥಿಯೊಡರ್ ಶಾಟ್ಸ್‌ಕಿಯ ಪ್ರಕಾರ ರೂಢಿಯೊಂದನ್ನು ಹಿಡಿದಿಡುವುದು ಕೆಲಸ ಮಾಡಲು ಬೇಕಾದ ತಿಳಿವಳಿಕೆ, ನಿಯಮಗಳು, ಹಾಗೂ ಗುರಿ ಮತ್ತು ಭಾವಗಳ ಒಂದು ಹೊಂದಾಣಿಕೆ. ಇವನ್ನು ನೇರವಾಗಿ ಕೇಳಿದರೆ ಜನ ಹೇಳಲಾರರು. ಶ್ರದ್ಧಾಂಜಲಿಗಳ ನಡುವೆ ಯಾರೋ ಹೂವಿನ ಚಿತ್ರದ ‘ಶುಭೋದಯ’ ಹಾಕಿದಾಗ ಒಬ್ಬರು ಗದರುತ್ತಾರೆ, ಹಾಕಿದವರು ಅಳಿಸುತ್ತಾರೆ. ಬರೆದಿಡದ ನಿಯಮ ಕಣ್ಣಿಗೆ ಬೀಳುವುದು ಆಗ. ಹಾಗಾಗಿ ಸಂದರ್ಶನ ಮಾತ್ರ ಸಾಲದು, ಗುಂಪಿನವರ ಒಪ್ಪಿಗೆ ಪಡೆದು ಬಹುಕಾಲ ಜೊತೆಗಿದ್ದು ನೋಡಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ದಿನನಿತ್ಯದ ರೂಢಿಯಲ್ಲೇ ಮುಳುಗಿದ ಅಧ್ಯಯನ ಕಂಪನಿಗಳ ಅಧಿಕಾರವನ್ನು ಸುಲಭವಾಗಿ ಮರೆಯುತ್ತದೆ, ಇದನ್ನು ನಾನು ಗಂಭೀರ ದೋಷವೆಂದೇ ಎಣಿಸುತ್ತೇನೆ. 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹಾಕಿತು. ಹತ್ತಾರು ಗುಂಪುಗಳಿಗೆ ಸುದ್ದಿ ಮುಟ್ಟಿಸುವ ಹೊಣೆ ಹೊತ್ತಿದ್ದವರು ಆಮೇಲೆ ಆ ಕೆಲಸವನ್ನು ಯಾರೊಂದಿಗೆ, ಹೇಗೆ ಹಂಚಿಕೊಂಡರು ಎಂದು ವಿಚಾರಿಸಿ. ನಿಮ್ಮ ಪ್ರಬಂಧದ ಒಂದು ಅಧ್ಯಾಯಕ್ಕೆ ಬೇಕಾದ ಸಾಮಗ್ರಿ ಅದರಲ್ಲೇ ಇದೆ.