ಚೆಕ್‌ರೋಲ್‌ನಿಂದ ನನ್ನ ಹೆಸರು ಹೊಡೆದು ಹಾಕಿದ್ದಾರಾ?

ಪ್ರಶ್ನೆ: ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ, ಆಳುಗಳ ಹಾಜರಿ ಪುಸ್ತಕ (ಚೆಕ್‌ರೋಲ್) ಬರೆಯುವ ಕೆಲಸ. ವಯಸ್ಸು 41. ಇಪ್ಪತ್ತೆರಡರಲ್ಲಿ ಯೇಸುವನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡೆ, ಪಾಪದಿಂದ ರಕ್ಷಣೆ ಸಿಕ್ಕಿತೆಂದು ಸಭೆಯಲ್ಲಿ ಸಾಕ್ಷಿ ಹೇಳುತ್ತಿದ್ದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಜಾರಿದಾಗ ಅಕ್ಕನ ಮನೆ ಹೋಯಿತು. ಅವಳ ಜೊತೆಗಿದ್ದ ಅಪ್ಪ ಅದೇ ಕೊರಗಿನಲ್ಲಿ ವರ್ಷದೊಳಗೆ ತೀರಿಕೊಂಡರು. ಆಮೇಲೆ ಬೀರುವಿಗೆ ಹಾಕಿದ ಬೈಬಲನ್ನು ಇವತ್ತಿನವರೆಗೆ ತೆಗೆದಿಲ್ಲ. 'ದೇವರೂ ಇಲ್ಲ, ಎಂಥದೂ ಇಲ್ಲ' ಎಂದು ಎಲ್ಲರೆದುರು ಬೈದಿದ್ದೇನೆ. ಕುಡಿತವೂ ಶುರುವಾಯಿತು. ಈಗ ಮತ್ತೆ ಪ್ರಾರ್ಥನೆ ಮಾಡಬೇಕು ಅನಿಸುತ್ತಿದೆ. ಹಳೆಯ ಸಭೆಯ ಬ್ರದರ್ ಒಬ್ಬರು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ತೋರಿಸಿ, ಬಿದ್ದುಹೋದವರಿಗೆ ವಾಪಸ್ ದಾರಿ ಇಲ್ಲ ಎಂದರು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ 'ಒಂದ್ಸಲ ರಕ್ಷಣೆ ಸಿಕ್ಕಿದ್ರೆ ಮುಗೀತು ಅಣ್ಣಾ, ಏನು ಮಾಡಿದ್ರೂ ಹೋಗಲ್ಲ' ಎನ್ನುತ್ತಾನೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಹೋಗುವ ಅತ್ತೆ 'ಫಾದರ್ ಹತ್ರ ಒಂದು ಪಾಪನಿವೇದನೆ ಮಾಡಿ ಬನ್ನಿ, ಸರಿಯಾಗ್ತದೆ' ಎನ್ನುತ್ತಾರೆ. ರಾತ್ರಿ ನಿದ್ದೆ ಇಲ್ಲ. ನನ್ನ ರಕ್ಷಣೆ ಹೋಗಿಬಿಟ್ಟಿದೆಯಾ?

ಉತ್ತರ: ಮೂರು ಜನ ಆಗಲೇ ಮೂರು ಉತ್ತರ ಕೊಟ್ಟಿದ್ದಾರೆ, ಇನ್ನು ನಾನೂ ಸೇರಬೇಕಾ ಅಂತ ಮೊದಲು ಅನಿಸಿತು. ಆದರೆ ಪತ್ರ ಎರಡನೇ ಸಲ ಓದುವಾಗ ನಿಮ್ಮ ಕೆಲಸದ ಮೇಲೆ ಕಣ್ಣು ಹೋಯಿತು. ನೀವು ದಿನಾ ಚೆಕ್‌ರೋಲ್ ಬರೆಯುವವರು. ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ಅರ್ಧ ದಿನ. ತಿಂಗಳುಗಟ್ಟಲೆ ಬರದವರ ಹೆಸರಿನ ಮೇಲೆ ಗೆರೆ. ದೇವರೂ ಹಾಗೇ ಒಂದು ಪುಸ್ತಕ ಹಿಡಿದು, 2019ರಿಂದ ನಿಮ್ಮ ಹೆಸರಿನ ಮುಂದೆ ಬರೀ ಗೈರುಹಾಜರಿ ಹಾಕುತ್ತಾ ಕೂತಿದ್ದಾನೆ ಎಂದು ನೀವು ನಂಬಿದ ಹಾಗಿದೆ.

ಈ ಜಗಳ ನಿಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಅತ್ತೆಯ ಮಾತಿನ ಹಿಂದೆ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯ 1547ರ ತೀರ್ಮಾನ ಇದೆ: ಘೋರ ಪಾಪದಿಂದ ಕೃಪೆ ಹೋಗುತ್ತದೆ, ಪಾಪನಿವೇದನೆಯಿಂದ ಮತ್ತೆ ಸಿಗುತ್ತದೆ. ತಮ್ಮನ ಮಾತಿನ ಬೇರು ಹಾಲೆಂಡಿನಲ್ಲಿದೆ. ದೇವರು ನಿಜವಾಗಿ ಹಿಡಿದುಕೊಂಡವರನ್ನು ಕೊನೆಯವರೆಗೂ ಬಿಡುವುದಿಲ್ಲ ಎಂದು 1618–19ರಲ್ಲಿ ಡಾರ್ಟ್ ಎಂಬ ಊರಿನಲ್ಲಿ ಸೇರಿದ ಸಭೆ ಹೇಳಿತು. ಆದರೆ ಅದೇ ಸಭೆ, ದಾವೀದ ರಾಜ, ಯೇಸುವಿನ ಶಿಷ್ಯ ಪೇತ್ರರಂಥವರೂ ಕೆಟ್ಟದಾಗಿ ಬಿದ್ದರು, ಅಂಥ ಪಾಪ ದೇವರನ್ನು ನೋಯಿಸುತ್ತದೆ, ಮನಸ್ಸಾಕ್ಷಿಗೆ ಗಾಯ ಮಾಡುತ್ತದೆ ಎಂದೂ ಬರೆದಿಟ್ಟಿದೆ. 'ಏನು ಮಾಡಿದ್ರೂ ಹೋಗಲ್ಲ' ಎಂದು ಆರಾಮಾಗಿ ಹೇಳುವ ತಮ್ಮ ಈ ಅರ್ಧ ಓದಿಲ್ಲ ಅನಿಸುತ್ತದೆ. ಇನ್ನು ಮೆಥಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿ, ರಕ್ಷಣೆ ಕಳೆದುಕೊಳ್ಳಬಹುದು ಎಂದೇ ಬೋಧಿಸಿದವರು. ತಮಾಷೆ ನೋಡಿ, 1947ರಲ್ಲಿ ಹಲವು ಸಭೆಗಳು ಸೇರಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಾಗ ವೆಸ್ಲಿಯ ಕಡೆಯವರೂ, ಡಾರ್ಟಿನವರ ಹಾಗೆ ಕ್ಯಾಲ್ವಿನ್ ಬೋಧನೆ ಹಿಡಿದವರೂ ಒಂದೇ ಸೂರಿನಡಿ ಬಂದರು. ಇದು ಇತ್ಯರ್ಥವಾಗದೆಯೂ ಒಟ್ಟಿಗೆ ಪ್ರಭುಭೋಜನ ತೆಗೆದುಕೊಂಡು ಬದುಕಿದ್ದಾರೆ.

ನಿಮಗೆ ಬೇಕಾದ್ದು ಇಲ್ಲಿದೆ. ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ, ನಿಮ್ಮನ್ನು ತೋರಿಸಿ, 'ಈ ಮನುಷ್ಯ ಈಗ ಏನು ಮಾಡಬೇಕು' ಎಂದು ಕೇಳಿ. ಕಳೆದುಕೊಂಡಿದ್ದಾನೆ, ಬರಲಿ ಎನ್ನುತ್ತಾರೆ ವೆಸ್ಲಿ. ಕಳೆದುಕೊಂಡಿಲ್ಲ, ದೇವರೇ ಎಳೆಯುತ್ತಿದ್ದಾನೆ, ಬರಲಿ ಎನ್ನುತ್ತಾರೆ ಡಾರ್ಟಿನವರು. ಅತ್ತೆಯಂತೂ ಆಗಲೇ ಬನ್ನಿ ಎಂದಿದ್ದಾರೆ. ಅವರ ಜಗಳ ಇರುವುದು ನೀವು ದೂರ ಇದ್ದ ವರ್ಷಗಳಿಗೆ ಏನು ಹೆಸರಿಡಬೇಕು ಎಂಬುದರ ಬಗ್ಗೆ.

ಬಾರದು ಎಂದವರು ಬ್ರದರ್ ಒಬ್ಬರೇ. ಅವರು ತೋರಿಸಿದ ವಚನ ಗಟ್ಟಿಯಾದದ್ದೇ, ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಆದರೆ ಅದು ಏನು ಅಸಾಧ್ಯ ಎನ್ನುತ್ತದೆ? ಅಂಥವರನ್ನು ಮತ್ತೆ ಮಾನಸಾಂತರಕ್ಕೆ, ಅಂದರೆ ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗುವುದಕ್ಕೆ, ತರುವುದು. ದೇವರು ಬೇಕು ಎಂದು ಅಳುತ್ತಾ ರಾತ್ರಿ ಎದ್ದು ಕೂರುವವನು ಆಗಲೇ ತಿರುಗಿ ನಿಂತಿದ್ದಾನಲ್ಲ, ಅವನಿಗೆ ಆ 'ಅಸಾಧ್ಯ' ಎಂಬ ಮಾತು ಹೊಂದುವುದೇ ಇಲ್ಲ. ಹಿಂಸೆಗೆ ಹೆದರಿ ಯೇಸುವನ್ನು ಬಿಟ್ಟು ಹೋಗಲು ನೋಡುತ್ತಿದ್ದವರಿಗೆ, ಹೋಗಬೇಡಿ ಎಂದು ತಡೆಯಲು ಬರೆದ ಪತ್ರ ಅದು. ಅದನ್ನು ವಾಪಸ್ ಬರುವವನ ಮುಖಕ್ಕೆ ಬಾಗಿಲು ಹಾಕಲು ಬಳಸುವುದು ನನಗೆ ಸರಿ ಕಾಣುವುದಿಲ್ಲ. ವೆಸ್ಲಿ ಇದೇ ವಚನಕ್ಕೆ ಹೆದರಿ ಕೂತವರಿಗಾಗಿಯೇ ಒಂದು ಪ್ರಸಂಗ ಬರೆದರು. ಬಿದ್ದುಹೋಗಿ ಮತ್ತೆ ಎದ್ದವರು ಒಬ್ಬಿಬ್ಬರಲ್ಲ, ಸಾವಿರಾರು ಜನ ಎಂದು ಅದರಲ್ಲಿ ಹೇಳಿದ್ದಾರೆ. ಬ್ರದರ್ ಮತ್ತೆ ಸಿಕ್ಕರೆ ಅದೇ ಅಧ್ಯಾಯದ 9ನೇ ವಚನ ಓದಿಸಿ. ಅಷ್ಟು ಗದರಿದ ಮೇಲೆ ಬರೆದವನು ದನಿ ಬದಲಿಸಿ, ಪ್ರಿಯರೇ, ನಿಮ್ಮ ವಿಷಯದಲ್ಲಿ ನಮಗೆ ಒಳ್ಳೆಯ ಭರವಸೆಯೇ ಇದೆ ಎನ್ನುತ್ತಾನೆ.

ನನ್ನನ್ನೇ ಕೇಳಿದರೆ, ರಕ್ಷಣೆ ಬೀಗದ ಕೈ ಥರ ದಾರಿಯಲ್ಲಿ ಎಲ್ಲೋ ಬಿದ್ದುಹೋಗುವುದಿಲ್ಲ. ತನ್ನ ಕೈಯಿಂದ ಯಾರೂ ಕಸಿದುಕೊಳ್ಳಲಾರರು ಎಂದು ಯೇಸು ಹೇಳಿದ್ದಾನೆ (ಯೋಹಾನ 10). ಬೇಡ ಎಂದು ಬಿಟ್ಟು, ಸಾಯುವವರೆಗೂ ಬೇಡ ಎಂದೇ ನಿಲ್ಲುವವನಿಗೆ ಬೈಬಲಿನಲ್ಲಿ ಎಚ್ಚರಿಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ನೀವು ಆ ಸಾಲಿನವರಲ್ಲ. ಪೇತ್ರನೂ ಬೆಂಕಿ ಕಾಯಿಸಿಕೊಳ್ಳುತ್ತಾ ಯೇಸುವಿನ ಬಗ್ಗೆ ಮೂರು ಸಲ, ಆ ಮನುಷ್ಯ ಯಾರೋ ಗೊತ್ತಿಲ್ಲ ಎಂದವನೇ. ಆಮೇಲೆ ಕೆರೆಯ ದಡದಲ್ಲಿ ಯೇಸು ಕೆಂಡದ ಮೇಲೆ ಮೀನು ಸುಟ್ಟು, ಮೊದಲು ತಿಂಡಿ ತಿನ್ನಿ ಎಂದು ಕರೆದ. ತಿಂದ ಮೇಲೆ ಮೂರು ಸಲವೂ ಕೇಳಿದ್ದು 'ನನ್ನ ಮೇಲೆ ಪ್ರೀತಿ ಇದೆಯಾ' ಎಂದು. ಎಷ್ಟು ದಿನ ಗೈರುಹಾಜರಿ ಎಂದು ಕೇಳಲಿಲ್ಲ.

ಇನ್ನೊಂದು. ಅಪ್ಪನನ್ನು ಕಳೆದುಕೊಂಡು ದೇವರನ್ನು ಬೈದಿರಿ. ನನಗೆ ಅದರಲ್ಲಿ ಅವಿಶ್ವಾಸಕ್ಕಿಂತ ದುಃಖವೇ ಜಾಸ್ತಿ ಕಾಣುತ್ತದೆ. 88ನೇ ಕೀರ್ತನೆ ಓದಿ ನೋಡಿ. ಕೊನೆಯವರೆಗೂ ಕತ್ತಲೆಯೇ, ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನೂ ಬೈಬಲಿನಲ್ಲಿ ಇಟ್ಟುಕೊಂಡಿದ್ದಾರೆ, ಅಲ್ವಾ?

ಕುಡಿತ, ನಿದ್ದೆಯ ವಿಷಯ ಮಾತ್ರ ಪ್ರಾರ್ಥನೆಗೇ ಬಿಡಬೇಡಿ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಕೊನೆಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಬ್ರದರ್ ಬಂದರು, ತಮ್ಮ ಬಂದ, ಅತ್ತೆಯೂ ಬಂದರು. ಹೆಂಡತಿ ಒಂದೇ ಒಂದು ಸಾಲಿನಲ್ಲೂ ಇಲ್ಲ. ಇಷ್ಟು ವರ್ಷ ನೀವು ಕುಡಿದು ಬಂದಾಗ ಬಾಗಿಲು ತೆಗೆದವರು ಅವರೇ ತಾನೇ? ಹಳೆಯ ಸಭೆಗೇ ಹೋಗಬೇಕೆಂದಿಲ್ಲ, ಈ ಭಾನುವಾರ ಎಲ್ಲಿಗೆ ಹೋಗೋಣ ಎಂದು ಇವತ್ತು ಸಂಜೆ ಅವರನ್ನು ಕೇಳಿ. ಬೀರುವಿನ ಕೀಲಿ ಅವರ ಹತ್ತಿರವೇ ಇರಬೇಕು.